ಅಳತೆ ಕೊಟ್ಟು ಹೊಲಿಸಿದ ಈಜುಕೊಳ

ನಮ್ಮ ಬೀದಿಯಲ್ಲಿ ಈಜುಕೊಳ ಆರಿಸುವ ಯೋಗ್ಯತೆ ಯಾರಿಗಾದರೂ ಇದ್ದರೆ ಅದು ನನಗೊಬ್ಬನಿಗೇ! ಈ ಮಾತನ್ನು ಮೊದಲ ಸಲ ಹೇಳಿದಾಗ ನನ್ನ ಕೈಯಲ್ಲಿ ಕತ್ತರಿ, ಕೊರಳಲ್ಲಿ ಟೇಪು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿದ್ದವು. ಗುಂಡುಸೂಜಿ ಕಚ್ಚಿಕೊಂಡು ಜಂಬ ಕೊಚ್ಚುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಾನು ದರ್ಜಿ. ಬೀದಿಯವರ ಬಾಯಲ್ಲಿ ‘ಮಾಸ್ಟರ್’. ಮದುವೆಯ ಸೂಟಿನಿಂದ ಹಿಡಿದು ದಿಂಬಿನ ಗವಸಿನವರೆಗೆ ನನ್ನ ಕತ್ತರಿಗೆ ತಲೆಬಾಗದ ಬಟ್ಟೆಯಿಲ್ಲ.

"ಹೊಲಿಗೆಗೂ ಈಜುಕೊಳಕ್ಕೂ ಏನ್ರೀ ಸಂಬಂಧ?" ಎಂದಳು ಹೆಂಡತಿ, ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತಿಕೊಳ್ಳುತ್ತ.

"ಈಜುಕೊಳ ಅಂದ್ರೇನು? ನೆಲಕ್ಕೆ ಹೊಲಿದ ಜೇಬು! ನಾನು ಹೊಲಿದ ಜೇಬಿಂದ ಇವತ್ತಿನವರೆಗೂ ಒಂದು ಚಿಲ್ಲರೆ ಕಾಸು ಉದುರಿಲ್ಲ. ಇನ್ನು ನೀರು ಸೋರುತ್ತಾ?"

"ನೀವು ಹೊಲಿದ ಜೇಬಿಗೆ ಕೈಯೇ ಹೋಗಲ್ಲ ಅಂತಾರೆ ಜನ. ಕಾಸು ಎಲ್ಲಿಂದ ಉದುರಬೇಕು?"

ನನ್ನ ಹೆಂಡತಿಯೂ ದರ್ಜಿಯೇ. ನಾನು ಕತ್ತರಿಸುತ್ತೇನೆ, ಅವಳು ಹೊಲಿಯುತ್ತಾಳೆ. ನಾನು ಕತ್ತರಿಸಿದ್ದರಲ್ಲಿ ಎಡವಟ್ಟಾದರೆ ಅವಳೇ ಬಿಚ್ಚಿ ಸರಿಮಾಡುತ್ತಾಳೆ. ಹಾಗಾಗಿ ನನ್ನ ಕೀರ್ತಿಯ ಬಗ್ಗೆ ಅವಳಿಗೆ ಒಳಗಿನ ಸುದ್ದಿ ಸ್ವಲ್ಪ ಜಾಸ್ತಿಯೇ ಗೊತ್ತು.

ಇಷ್ಟಕ್ಕೂ ಈಜುಕೊಳದ ಮಾತು ಬಂದದ್ದು ಅವಳ ಮೊಣಕಾಲಿನಿಂದ. ಮದುವೆಯಾದ ಲಾಗಾಯ್ತು ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಅವಳದು. ಆ ಕಾಲು ಒಂದು ದಿನ ಊದಿಕೊಂಡು, ಇನ್ನು ನನ್ನ ಕೈಲಾಗದು ಎಂದು ಕುಳಿತುಬಿಟ್ಟಿತು. ನಾನು ಮೋಟಾರು ಹಾಕಿಸಿದೆ. "ನನ್ನ ಕಾಲನ್ನ ಒಂದು ಮಾತೂ ಕೇಳದೆ ಓಡೋ ಮೆಷಿನ್ ನಂಗೆ ಬೇಡ" ಎಂದು ಅವಳು ಬಿಚ್ಚಿಸಿದಳು. ಡಾಕ್ಟರು ಕಾಲನ್ನು ಹಿಂದೆ ಮುಂದೆ ಮಡಿಸಿ ನೋಡಿ, "ದಿನಾ ಸೊಂಟದುದ್ದ ನೀರಲ್ಲಿ ನಡೀಬೇಕು. ಭಾರ ನೀರು ಹೊತ್ಕೊಳ್ಳುತ್ತೆ, ಕಾಲಿಗೆ ಕಸುವು ಬರುತ್ತೆ. ಹೀಗೇ ಬಿಟ್ರೆ ಮೆಷಿನ್ ತುಳಿಯೋದನ್ನ ಮರೆತುಬಿಡಿ" ಎಂದರು.

ಊರಿನ ಸಾರ್ವಜನಿಕ ಕೊಳ ಇರುವುದು ಊರಿನ ಆಚೆ ತುದಿಯಲ್ಲಿ. ಬಸ್ಸು ಹತ್ತಿ, ಇಳಿದು, ಇನ್ನೊಂದು ಹತ್ತಿ ಹೋಗಿ ಬರುವಷ್ಟರಲ್ಲಿ ನೀರು ಕೊಟ್ಟ ಆರಾಮವನ್ನೆಲ್ಲ ಬಸ್ಸು ಕಿತ್ತುಕೊಳ್ಳುತ್ತಿತ್ತು. ಒಂದು ವಾರ ಹೋದಳು, ಬಿಟ್ಟಳು. ತನ್ನ ಮೆಷಿನ್ ಮೇಲೆ ಹಳೆಯ ದುಪ್ಪಟಿ ಹೊದಿಸಿದಳು. ಅಂದಿನಿಂದ ನಮ್ಮ ಅಂಗಡಿಯಲ್ಲಿ ನನ್ನ ಕತ್ತರಿಯ ಸದ್ದೊಂದೇ. ಆ ದುಪ್ಪಟಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಗಂಡಸು ಸಂಕಟವಾದರೆ ಏನು ಮಾಡುತ್ತಾನೆ? ದೊಡ್ಡ ಮಾತಾಡುತ್ತಾನೆ. ನಾನೂ ಆಡಿದೆ. "ನೀನು ಕೊಳದ ಹತ್ರ ಹೋಗೋದು ಬೇಡ ಕಣೇ. ಕೊಳವನ್ನೇ ನಿನ್ನ ಹಿತ್ತಲಿಗೆ ಕರೆಸ್ತೀನಿ!"

ಇಲ್ಲಿ ನಮ್ಮ ಅಂಗಡಿಯ ಒಂದು ಬೋರ್ಡಿನ ಬಗ್ಗೆ ಹೇಳಲೇಬೇಕು. ಕೆಲವರು ಮೈ ಅಳತೆ ಕೊಡದೆ, ಮನೆಯಿಂದ ಹಳೆಯ ಬಟ್ಟೆ ತಂದು, "ಇದರ ಅಳತೆಗೇ ಹೊಲಿದುಬಿಡಿ" ಎನ್ನುತ್ತಾರೆ. ಅಂಥವರಿಗಾಗಿ ನನ್ನ ತಲೆಯ ಮೇಲೆ ತೂಗುಹಾಕಿದ್ದೇನೆ: ‘ನೀವೇ ತಂದ ಅಳತೆಗೆ ನಾವು ಜವಾಬ್ದಾರರಲ್ಲ’. ಪಕ್ಕದ ಮನೆಯ ಬ್ಯಾಂಕ್ ಮೇಡಂ ಹೀಗೇ ಒಂದು ಹಳೆಯ ಕೋಟು ತಂದಿದ್ದರು. ಅದು ಮೊದಲೇ ಒಗೆದು ಒಗೆದು ಕುಗ್ಗಿದ ಕೋಟು. ಹೊಸದೂ ಅದೇ ಅಳತೆಗೆ ಬಂತು. ತೋಳು ಮಣಿಕಟ್ಟು ಮುಟ್ಟದೆ ಮೊಣಕೈ ದಾಟಿ ಸ್ವಲ್ಪ ದೂರಕ್ಕೇ ನಿಂತುಬಿಟ್ಟಿತು. ಅವರು ಎರಡೂ ಕೈ ಮುಂದೆ ಚಾಚಿ, "ಮಾಸ್ಟ್ರೇ, ಏನಿದು?" ಎಂದರು. ನಾನು ಒಂದೇ ಒಂದು ಮಾತಾಡಲಿಲ್ಲ. ಬೆರಳೆತ್ತಿ ಬೋರ್ಡು ತೋರಿಸಿದೆ, ಅಷ್ಟೆ! ಅಂದಿನಿಂದ ಅವರು ಕಾಂಪೌಂಡಿನ ಮೇಲಿಂದ ನನ್ನನ್ನು ತಿರಸ್ಕೃತ ಸಾಲದ ಅರ್ಜಿಯನ್ನು ನೋಡುವಂತೆ ನೋಡುತ್ತಾರೆ.

ಸರಿ, ಕೊಳ ಆರಿಸುವ ಮಹಾಕಾರ್ಯ ಶುರುವಾಯಿತು.

ಮೊದಲು ಮೂಗು ತೂರಿಸಿದವನು ನನ್ನ ಭಾವಮೈದುನ. ವ್ಯಾನು ಓಡಿಸುತ್ತಾನೆ. ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ. ಲೋಕದಲ್ಲಿರುವ ಎಲ್ಲ ಸಾಮಾನಿನ ಬಗ್ಗೆ ಅವನಿಗೊಂದು ಅಭಿಪ್ರಾಯವಿದೆ.

"ಭಾವ, ನೆಲ ಅಗೆಯೋದೆಲ್ಲ ಯಾಕೆ? ಗಾಳಿ ತುಂಬೋ ಕೊಳ ಇದೆ. ಊದಿದ್ರಾಯ್ತು, ನೀರು ಬಿಟ್ರಾಯ್ತು!" ಎಂದು ಒಂದು ರಟ್ಟಿನ ಪೆಟ್ಟಿಗೆ ತಂದು ಹಿತ್ತಲಲ್ಲಿ ಇಟ್ಟೇಬಿಟ್ಟ.

ಅವನು ಪಂಪು ಹೊಡೆದ, ನಾನು ನೀರು ಬಿಟ್ಟೆ. ದುಂಡಗೆ, ತುಂಬಿಕೊಂಡು, ಲಕ್ಷಣವಾಗಿಯೇ ನಿಂತಿತು ಕೊಳ. ಹೆಂಡತಿ ಸೆರಗು ಸಿಕ್ಕಿಸಿ, ಒಳಗೆ ಕಾಲಿಡಲು ಅಂಚಿನ ಮೇಲೆ ಕೈಯೂರಿದಳು. ಗಾಳಿಯ ಅಂಚಿಗೆ ಬೆನ್ನುಮೂಳೆ ಎಲ್ಲಿಂದ ಬರಬೇಕು? ಅದು ಮೆಲ್ಲಗೆ ತಲೆ ತಗ್ಗಿಸಿತು. ನೀರು ಅವಳ ಪಕ್ಕದಿಂದ ಹೊರಟು, ಹಿತ್ತಿಲ ಬಾಗಿಲು ದಾಟಿ, ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ, ನೇರ ಮುಂದಿನ ಅಂಗಡಿಗೆ ಬಂತು. ಅಲ್ಲಿ ಕೆಳಗೆ ಹರಡಿಟ್ಟಿದ್ದ ಬಟ್ಟೆಯನ್ನೆಲ್ಲ ಎತ್ತಿಕೊಂಡಿತು. ನಮ್ಮ ಮನೆಯಲ್ಲಿ ಮೊಟ್ಟಮೊದಲು ಈಜಿದ್ದು ಒಬ್ಬ ಮದುಮಗನ ಪ್ಯಾಂಟು!

"ಐಡಿಯಾ ಚೆನ್ನಾಗಿತ್ತು, ಭಾವ. ಅಕ್ಕ ಅಂಚು ಮುಟ್ಟಬಾರ್ದಿತ್ತು" ಎಂದ ಭಾವಮೈದುನ.

"ಅಂಚು ಮುಟ್ಟದೆ ನಾನೇನು ಮೇಲಿಂದ ಇಳೀಬೇಕಿತ್ತೇನೋ?" ಎಂದಳು ಅವಳು, ಮದುಮಗನ ಪ್ಯಾಂಟು ಹಿಂಡುತ್ತ.

ಮರುದಿನ ಮೂವರೂ ಅದೇ ವ್ಯಾನಿನಲ್ಲಿ ಕೊಳದ ಕಂಪನಿಯ ಮಳಿಗೆಗೆ ಹೋದೆವು. ಅಲ್ಲಿ ಟೈ ಕಟ್ಟಿದ ಒಬ್ಬ ಮಾರಾಟಗಾರ ಕೈಮುಗಿದು ಸ್ವಾಗತಿಸಿದ. ಟೈಯ ಗಂಟು ಸೊಟ್ಟಗಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ತಡೆದು ಅದನ್ನು ಸರಿ ಮಾಡಿದೆ. ವ್ಯವಹಾರದಲ್ಲಿ ಮೇಲುಗೈ ಮೊದಲೇ ಸಾಧಿಸಬೇಕು.

"ಇದು ರೆಡಿಮೇಡ್ ಕೊಳ ಸಾರ್. ಫೈಬರಿನದು. ಗುಂಡಿ ತೋಡಿ ಇಟ್ಟುಬಿಟ್ರೆ..."

"ಏನಂದ್ರಿ?"

"ರೆಡಿಮೇಡ್..."

"ನನ್ನ ಹೆಂಡತಿ ಎದುರು ಆ ಮಾತಾಡ್ಬೇಡಿ!" ಎಂದು ಗದರಿದೆ. ರೆಡಿಮೇಡ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ತುರಿಕೆ. ನಮ್ಮ ಬೀದಿಯ ತುದಿಯಲ್ಲಿ ರೆಡಿಮೇಡ್ ಅಂಗಡಿ ಬಂದಾಗಿನಿಂದ ನಾನು ಆ ಕಡೆಯಿಂದ ಓಡಾಡುವುದನ್ನೇ ಬಿಟ್ಟಿದ್ದೇನೆ. "ಸಣ್ಣ, ಮಧ್ಯಮ, ದೊಡ್ಡದು, ಮೂರರಲ್ಲಿ ಒಂದಕ್ಕೆ ನಮ್ಮ ಹಿತ್ತಲು ಹೊಂದ್ಕೋಬೇಕಾ? ಹಿತ್ತಲಿಗೆ ಕೊಳ ಹೊಂದ್ಕೋಬೇಕೋ, ಕೊಳಕ್ಕೆ ಹಿತ್ತಲೋ?"

ಮಾರಾಟಗಾರ ಸಾವರಿಸಿಕೊಂಡು ಕಾಂಕ್ರೀಟಿನ ಕೊಳದ ಚಿತ್ರ ತೋರಿಸಿದ. "ಇದು ಗಟ್ಟಿ ಸಾರ್. ಒಂದ್ಸಲ ಕಟ್ಟಿದ್ರೆ ತಲೆತಲಾಂತರ."

"ಆಮೇಲೆ ಸಡಿಲ ಮಾಡ್ಬೇಕು, ಬಿಗಿ ಮಾಡ್ಬೇಕು ಅಂದ್ರೆ?"

"ಕೊಳನಾ ಸಾರ್?"

"ಆಲ್ಟ್ರೇಷನ್ ಇಲ್ಲದ ವಸ್ತು ನಂಗೆ ಬೇಡ."

ಆಗ ಅವನು, ಕೈಸೋತವನ ದನಿಯಲ್ಲಿ, ಇನ್ನೊಂದು ತರಹದ್ದನ್ನು ತೋರಿಸಿದ. ಗುಂಡಿ ತೋಡುವುದು, ಸುತ್ತ ಗೋಡೆ ಎಬ್ಬಿಸುವುದು, ಒಂದು ಮೂಲೆಯಲ್ಲಿ ಮೆಟ್ಟಿಲು ಕಟ್ಟುವುದು. ಆಮೇಲೆ ದಪ್ಪ ರಬ್ಬರಿನಂಥ ನೀಲಿ ಹಾಳೆಯನ್ನು ಗುಂಡಿಯ ಅಳತೆಗೇ ಕತ್ತರಿಸಿ, ಅಂಚುಗಳನ್ನು ಬೆಸೆದು, ಒಂದು ದೊಡ್ಡ ಚೀಲದಂತೆ ಮಾಡಿ ಗುಂಡಿಗೆ ತೊಡಿಸುವುದು. ಮೆಟ್ಟಿಲು ಇರುವಲ್ಲಿ ಹಾಳೆಗೂ ಮೆಟ್ಟಿಲಿನ ಆಕಾರ.

ನನ್ನ ಕಣ್ಣಲ್ಲಿ ನೀರು ಬಂತು. ಗುಂಡಿಗೆ ಅಂಗಿ! ಮೆಟ್ಟಿಲಿಗೆ ತೋಳು! ಅಳತೆಗೆ ಹೊಲಿಸಿದ ಕೊಳ!

"ಇದೇ!" ಎಂದೆ.

"ಸರಿ ಸಾರ್, ನಾಳೆ ನಮ್ಮವರು ಬಂದು ಅಳತೆ ತಗೋತಾರೆ..."

"ಯಾರು ಯಾರ ಅಳತೆ ತಗೋತಾರೆ?" ನಾನು ಕೊರಳಿನ ಟೇಪನ್ನು ಸರ್ರನೆ ಎಳೆದೆ. ಮಳಿಗೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನನ್ನ ಹಿತ್ತಲಿಗೆ ಇನ್ನೊಬ್ಬ ಟೇಪ್ ಹಿಡಿಯೋದಾ? ಬಟ್ಟೆ ಕತ್ತರಿಸೋಕೆ ಮುಂಚೆ ಮಾಡ್ಕೋತೀವಲ್ಲ, ಹಾಗೆ ಪೂರ್ತಿ ಅಳತೆಯ ಕಾಗದದ ಮಾದರಿನೇ ಕತ್ತರಿಸಿ ಕಳಿಸ್ತೀನಿ. ನೀವು ಅದನ್ನ ಹಾಳೆ ಮೇಲಿಟ್ಟು ಕತ್ತರಿಸಿದ್ರೆ ಸಾಕು."

"ಹಾಗಾದ್ರೆ ಸಾರ್, ಗ್ರಾಹಕರೇ ಅಳತೆ ಕೊಟ್ಟಾಗ ನಮ್ಮದೊಂದು ನಿಯಮ ಇದೆ. ಹಾಳೆಯ ಬೆನ್ನ ಮೇಲೆ ನಾವು ಒಂದು ಮಾತು ಅಚ್ಚು ಹಾಕ್ತೀವಿ. ಅದು ಮಣ್ಣಿನ ಕಡೆಗೆ ಹೋಗುತ್ತೆ, ಯಾರಿಗೂ ಕಾಣಲ್ಲ..."

"ಬೆನ್ನ ಮೇಲೆ ಏನಾದ್ರೂ ಬರ್ಕೊಳ್ರಿ, ಮುಖ ಚೆನ್ನಾಗಿದ್ರೆ ಆಯ್ತು!" ಎಂದು ಅವನ ಬೆನ್ನು ತಟ್ಟಿ ಹೊರಬಂದೆ.

"ಅವರಿಗೇ ಅಳತೆ ತಗೊಳ್ಳೋಕೆ ಬಿಡಬಹುದಿತ್ತು" ಎಂದಳು ಹೆಂಡತಿ ವ್ಯಾನಿನಲ್ಲಿ.

"ನಿನ್ನ ಮೊದಲನೇ ರವಿಕೆ ಅಳತೆ ತಗೊಂಡಿದ್ದು ಯಾರು?"

"ನೀವೇ. ಅದನ್ನ ಬಿಚ್ಚಿ ಮತ್ತೆ ಹೊಲಿದಿದ್ದು ನಾನೇ" ಎಂದಳು. ಭಾವಮೈದುನ ಅನಾವಶ್ಯಕವಾಗಿ ಹಾರ್ನ್ ಹೊಡೆದು ನಗು ಮುಚ್ಚಿಕೊಂಡ.

ಗಾರೆಯವರು ಬಂದರು, ಅಗೆದರು. ನಾನು ಪಕ್ಕದಲ್ಲೇ ನಿಂತು ಒಂದೊಂದು ಸನಿಕೆ ಮಣ್ಣಿಗೂ ಟೇಪು ಹಿಡಿದೆ. ಆಳ ಎಷ್ಟು? ನನ್ನ ಹೆಂಡತಿಯ ಸೊಂಟದ ಎತ್ತರ. ಅದನ್ನು ಯಾರನ್ನೂ ಕೇಳಬೇಕಿಲ್ಲ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಹಿತ್ತಿಲ ಬಾಗಿಲಿನ ಪಕ್ಕ, ಎಡಗಡೆಯ ಮೂಲೆಯಲ್ಲಿ, ಅವಳ ಕಾಲಿಗೆ ನೋವಾಗದಷ್ಟು ತಗ್ಗಾದ ಅಗಲ ಮೆಟ್ಟಿಲುಗಳು. ಬಲಗಡೆಯ ಮೂಲೆಯಲ್ಲಿ ಅವಳೇ ನೆಟ್ಟು ಬೆಳೆಸಿದ ನಿಂಬೆಗಿಡ. ಅದಕ್ಕೆ ಧಕ್ಕೆಯಾಗದಂತೆ ಆ ಮೂಲೆಯನ್ನು ಒಳಕ್ಕೆ ದುಂಡಗೆ ಕೊರೆಸಿದೆ, ಕೋಟಿಗೆ ಕಂಕುಳು ಕತ್ತರಿಸುವ ಹಾಗೆ. ಒಂದು ಕಡೆ ತೋಳು, ಒಂದು ಕಡೆ ಕಂಕುಳು. ಇಂಥ ಗುಂಡಿ ಈ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಆಮೇಲೆ ಮಾದರಿ. ಖಾಕಿ ಕಾಗದದ ಹಾಳೆಗಳನ್ನು ಅಂಟಿಸಿ ಅಂಟಿಸಿ ಗುಂಡಿಯಷ್ಟೇ ದೊಡ್ಡದು ಮಾಡಿದೆ. ಹೊಳಪಿನ ಕಡೆ ಮೇಲೆ ಬರುವಂತೆ ಹಾಸಿ, ಗುಂಡಿಯ ಆಕಾರಕ್ಕೆ ಸರಿಯಾಗಿ ಕತ್ತರಿಸಿದೆ. ಇನ್ನು ಗುರುತು. ನಮ್ಮ ವೃತ್ತಿಯಲ್ಲಿ ಬಟ್ಟೆಯ ಮುಖದ ಮೇಲೆ ಗೀರು ಎಳೆಯುವುದು ಮಹಾಪಾಪ. ಮುಖ ಲೋಕಕ್ಕೆ, ಬೆನ್ನು ದರ್ಜಿಗೆ! ಆದ್ದರಿಂದ ಕಾಗದವನ್ನು ಅಂದವಾಗಿ ಮಗುಚಿ ಹಾಕಿ, ಅದರ ಬೆನ್ನ ಮೇಲೆ, ‘ಇಲ್ಲಿ ಮೆಟ್ಟಿಲು’, ‘ಇಲ್ಲಿ ನಿಂಬೆಗಿಡ’, ‘ಆಳ ಇಷ್ಟು’ ಎಂದು ದಪ್ಪಕ್ಷರದಲ್ಲಿ ಬರೆದೆ. ಮಡಿಸಿ, ಇಸ್ತ್ರಿ ಹೊಡೆದು, ಕಂಪನಿಗೆ ಕಳಿಸಿದೆ. ಇಸ್ತ್ರಿ ಹೊಡೆದ ಕೊಳದ ಮಾದರಿ ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ!

ಹಾಳೆ ಬರುವ ದಿನ ಗೊತ್ತಾದ ಕೂಡಲೇ ನಾನು ಅದರ ಮರುದಿನಕ್ಕೆ ಉದ್ಘಾಟನೆ ಇಟ್ಟುಕೊಂಡೆ. ಗಿರಾಕಿಗಳನ್ನೆಲ್ಲ ಕರೆದೆ. ಬ್ಯಾಂಕ್ ಮೇಡಂ ಅವರನ್ನೂ ಕಾಂಪೌಂಡಿನ ಮೇಲಿಂದ ಕರೆದೆ.

"ಬನ್ನಿ ಮೇಡಂ, ಅಳತೆ ಅಂದ್ರೇನು ಅಂತ ನೋಡೀರಂತೆ."

"ಖಂಡಿತ ಬರ್ತೀನಿ ಮಾಸ್ಟ್ರೇ. ನಿಮ್ಮ ಅಳತೆಯ ಅನುಭವ ನಂಗೆ ಚೆನ್ನಾಗಿದೆ" ಎಂದರು.

ಹಾಳೆ ಬಂತು. ಮಾರಾಟಗಾರನೂ ಇಬ್ಬರು ಆಳುಗಳೂ ಅದನ್ನು ಹಿತ್ತಲಲ್ಲಿ ಬಿಚ್ಚಿದರು. ಆಹಾ, ಆ ನೀಲಿ! ಮದುವೆ ಸೀರೆ ಬಿಚ್ಚಿದ ಹಾಗಿತ್ತು. ಹೆಂಡತಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನಕ್ಕೆ ಒಂದು ಕಳೆ. ಅದನ್ನು ನೋಡಿ ನಾನು ಇನ್ನಷ್ಟು ಎದೆಯುಬ್ಬಿಸಿ, "ಇಳಿಸ್ರಿ!" ಎಂದು ಆಜ್ಞಾಪಿಸಿದೆ.

ಇಳಿಸಿದರು. ಹಾಳೆಯ ಮೆಟ್ಟಿಲು ಹೋಗಿ ನಿಂಬೆಗಿಡದ ಮೂಲೆಯಲ್ಲಿ ಕೂತಿತು. ನಿಂಬೆಗಿಡದ ಕಂಕುಳು ಬಂದು ಮೆಟ್ಟಿಲಿನ ಮೂಲೆಯಲ್ಲಿ ಕೂತಿತು!

"ತಿರುಗಿಸ್ರಿ!"

ತಿರುಗಿಸಿದರು. ಈಗ ಮೆಟ್ಟಿಲು ಹಿಂದಿನ ಗೋಡೆಯ ಕಡೆ ಹೋಯಿತು.

"ಇನ್ನೊಂದ್ಸಲ!"

ಎಷ್ಟು ತಿರುಗಿಸಿದರೂ ಅದು ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿದ ಹಾಗೇ. ನಾನೇ ಇಳಿದು ಒಂದು ತುದಿ ಹಿಡಿದು ಎಳೆದೆ. ಆಳುಗಳು ಇನ್ನೊಂದು ತುದಿ ಎಳೆದರು. ಕಾಲು ಜಾರಿ ನಾನು ಗುಂಡಿಯ ತಳಕ್ಕೆ ಬಿದ್ದೆ. ನನ್ನ ಮೇಲೆ ಇಡೀ ಕೊಳ ಬಿತ್ತು. ಒಳಗಿನಿಂದಲೇ ನಾನು ಗುಡುಗಿದೆ. "ಯಾವನ್ರೀ ಇದನ್ನ ಕತ್ತರಿಸಿದ್ದು? ನನ್ನ ಮಾದರಿ ತನ್ನಿ!"

ನನ್ನನ್ನು ಬಿಚ್ಚಿ ಹೊರತೆಗೆಯುವಷ್ಟರಲ್ಲಿ ಮಾರಾಟಗಾರ ಗಾಡಿಯಿಂದ ಖಾಕಿ ಕಾಗದ ತಂದು, ಬರಹ ಮೇಲೆ ಕಾಣುವಂತೆ ಹಾಸಿದ. ಹಾಳೆ ಥೇಟು ಅದೇ ಆಕಾರದಲ್ಲಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಅಯ್ಯೋ, ಇದು ಬೆನ್ನು ಕಣ್ರೀ! ಗುರುತು ಬೆನ್ನಿಗೆ ಹಾಕೋದು! ಮಗುಚಿ ಇಟ್ಟು ಕತ್ತರಿಸ್ಬೇಕು ಅಂತ ಅಷ್ಟೂ ಗೊತ್ತಿಲ್ವಾ ನಿಮಗೆ?"

"ನಮ್ಮಲ್ಲಿ ಬರೆದಿರೋ ಕಡೆನೇ ಮೇಲು ಸಾರ್."

"ಭಾವ," ಎಂದ ಭಾವಮೈದುನ ಮೆಲ್ಲಗೆ, "ಅಕ್ಷರ ಇರೋ ಕಡೆಯಿಂದ ಓದೋದು ಲೋಕದಲ್ಲೆಲ್ಲ ರೂಢಿ."

ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಹೊಸ ಹಾಳೆ ಮಾಡಿಸಬೇಕೆಂದರೆ ಬೇಸಗೆಯ ಗಿರಾಕಿಗಳ ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲಬೇಕು. ಚಳಿಗಾಲದ ಹೊತ್ತಿಗೆ ಸಿಕ್ಕೀತು ಎಂದ ಮಾರಾಟಗಾರ. ನಿಂಬೆಗಿಡ ಕಡಿಸಿ ಗುಂಡಿಯನ್ನೇ ಬದಲಾಯಿಸಿದರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅವಳು ಬೈಯಲಿಲ್ಲ. "ಇರಲಿ ಬಿಡಿ, ಆಯ್ತಲ್ಲ" ಎಂದು ಕುರ್ಚಿಯ ಕೈ ಹಿಡಿದು ಎದ್ದಳು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆ ‘ಇರಲಿ ಬಿಡಿ’ ಮಾತ್ರ ನೇರ ಎದೆಗೆ ನಾಟಿತು. ಕುಂಟುತ್ತ ಒಳಗೆ ಹೊರಟವಳ ಬೆನ್ನು ನೋಡುತ್ತ ನಾನು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ. ಚಳಿಗಾಲದವರೆಗೆ ಆ ಕಾಲು ಕಾಯುತ್ತದೆಯೇ?

ಬಾಗಿಲ ಬಳಿ ಅವಳು ನಿಂತಳು. ಆಳೊಬ್ಬ ಕೆಲಸ ಮುಗಿಯಿತೆಂದು ಕೈಯ ರಬ್ಬರ್ ಗ್ಲೌಸನ್ನು ಎಳೆಯುತ್ತಿದ್ದ. ಬೆವರಿಗೆ ಅಂಟಿಕೊಂಡ ಗ್ಲೌಸು ಒಳಗಿನದು ಹೊರಗಾಗಿ ಬಿಚ್ಚಿಕೊಂಡು ಬಂತು. ಅವಳು ಅದನ್ನೇ ನೋಡಿದಳು.

"ಸ್ವಲ್ಪ ಕೊಡಪ್ಪ ಅದನ್ನ. ಯಾವ ಕೈದು ಇದು?"

"ಎಡಗೈದು ಅಮ್ಮ."

ಅವಳು ಆ ತಿರುವಿದ ಗ್ಲೌಸನ್ನು ತನ್ನ ಬಲಗೈಗೆ ಹಾಕಿಕೊಂಡು, ಐದೂ ಬೆರಳು ಆಡಿಸಿ ತೋರಿಸಿದಳು.

"ರೀ, ಕೂತಿದ್ದು ಸಾಕು, ಏಳಿ. ಕೊಳವನ್ನ ತಿರುವಿ ಹಾಕಿ."

"ಎಷ್ಟು ಸಲ ತಿರುಗಿಸೋದೇ?"

"ತಿರುಗಿಸೋದಲ್ಲ, ತಿರುವೋದು! ಅಂಗಿ ತಿರುವಲ್ವಾ, ಒಳಗಿನದು ಹೊರಕ್ಕೆ?"

ನಾನು ಛಂಗನೆ ಎದ್ದು ನಿಂತೆ. ಇದು ನನಗೆ ಹೊಳೆಯಬೇಕಿತ್ತು! ಹೊಳೆಯುವುದರಲ್ಲಿತ್ತು. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ಖಂಡಿತ ಹೊಳೆಯುತ್ತಿತ್ತು!

ಮಾರಾಟಗಾರ ತಲೆ ಕೆರೆದುಕೊಂಡ. "ಮೇಡಂ, ಹಾಗೆ ಮಾಡಿದ್ರೆ ನೀಲಿ ಬಣ್ಣ ಮಣ್ಣಿನ ಕಡೆಗೆ ಹೋಗುತ್ತೆ. ಬೂದು ಬಣ್ಣದ ಬೆನ್ನು ಮೇಲೆ ಬರುತ್ತೆ."

"ನನ್ನ ಮೊಣಕಾಲಿಗೆ ಬಣ್ಣ ಗೊತ್ತಾಗಲ್ಲಪ್ಪ. ನೀರು ನಿಲ್ಲುತ್ತಾ?"

"ನೀರು ನಿಲ್ಲುತ್ತೆ. ಅಂದ ನಿಲ್ಲಲ್ಲ. ಮತ್ತೆ ಸಾರ್, ಆ ಬೆನ್ನ ಮೇಲೆ..."

"ಇನ್ನೊಂದ್ಸಲ ಬೆನ್ನಿನ ಮಾತೆತ್ತಿದ್ರೆ ನೋಡಿ!" ಎಂದು ಅವನ ಬಾಯಿ ಮುಚ್ಚಿಸಿದೆ. ಆ ದಿನ ಬೆನ್ನಿನ ಬಗ್ಗೆ ನನಗೆ ಸಾಕಾಗಿಹೋಗಿತ್ತು.

ಎಲ್ಲರೂ ಸೇರಿ ತಿರುವಿದೆವು. ಭಾವಮೈದುನ, ಆಳುಗಳು, ಟೈ ಹೆಗಲ ಮೇಲೆ ಹಾಕಿಕೊಂಡ ಮಾರಾಟಗಾರ, ನಾನು. ಹೆಂಡತಿ ಕುರ್ಚಿಯಲ್ಲಿ ಕೂತು, "ಮೂಲೆ ಹಿಡೀರಿ, ಮೊದಲು ತೋಳು ಎಳೀರಿ, ಸುಕ್ಕು ಬರ್ತಿದೆ ನೋಡಿ" ಎಂದು ನಿರ್ದೇಶನ ಕೊಟ್ಟಳು. ಹಾಳೆ ಹಾಳೆಗೆ ಅಂಟಿಕೊಳ್ಳದಿರಲೆಂದು ಅದರ ಬೆನ್ನಿಗೆಲ್ಲ ಬಿಳಿ ಪುಡಿ ಮೆತ್ತಿದ್ದರು. ಅದನ್ನು ಮೈಗೆಲ್ಲ ಬಳಿದುಕೊಂಡು, ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತ, ಕತ್ತಲಾಗುವ ಹೊತ್ತಿಗೆ ಕೊಳವನ್ನು ಗುಂಡಿಗೆ ಇಳಿಸಿದೆವು.

ಸರಿಯಾಗಿ ಕೂತಿತು! ತೋಳಿನಲ್ಲಿ ತೋಳು, ಕಂಕುಳಲ್ಲಿ ಕಂಕುಳು, ಒಂದು ಸುಕ್ಕಿಲ್ಲ! ನಾನು ಪುಡಿಗೈಯಲ್ಲೇ ಮೀಸೆ ತಿರುವಿದೆ. ಮಾರಾಟಗಾರ ಏನೋ ಹೇಳಬೇಕೆಂದು ಎರಡು ಸಲ ಬಾಯಿ ತೆರೆದು, ನನ್ನ ಮುಖ ನೋಡಿ, ಹೊರಟುಹೋದ. ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟು ನಾವೂ ಮಲಗಿದೆವು.

ಬೆಳಗ್ಗೆ ಹಿತ್ತಲು ತುಂಬ ಜನ. ಸೂಟಿನವರು, ಗೌನಿನವರು, ನನ್ನ ಇಡೀ ಜೀವಮಾನದ ಹೊಲಿಗೆ ಕೊಳದ ಸುತ್ತ ನಿಂತಿತ್ತು. ಮೆಟ್ಟಿಲಿನ ಮುಂದೆ ರೇಷ್ಮೆ ಪಟ್ಟಿ ಕಟ್ಟಿ, ನನ್ನ ದೊಡ್ಡ ಕತ್ತರಿ ಹಿಡಿದು, ಸಡಗರದಲ್ಲಿ ನೀರಿನತ್ತ ಕಣ್ಣೂ ಹಾಯಿಸದೆ, ಕೊಳಕ್ಕೆ ಬೆನ್ನು ಹಾಕಿ ಭಾಷಣ ಶುರುಮಾಡಿದೆ.

"ಮಹನೀಯರೇ, ಮಹಿಳೆಯರೇ! ಕೊಳ ಯಾರು ಬೇಕಾದರೂ ತರಬಹುದು. ಆದರೆ ಹಿತ್ತಲಿನ ಮೈಗೆ ಒಪ್ಪುವ ಕೊಳ? ಅದಕ್ಕೆ ಕೈಯಲ್ಲಿ ಟೇಪು ಇದ್ದರೆ ಸಾಲದು, ಕಣ್ಣಲ್ಲಿ ಅಳತೆ ಇರಬೇಕು. ನನ್ನ ಅಳತೆಗೆ ನಾನೇ..."

ಇಲ್ಲಿ ಚಪ್ಪಾಳೆ ಬರಬೇಕಿತ್ತು. ಬರಲಿಲ್ಲ. ಯಾರೂ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ನೀರಿನೊಳಗೆ ನೋಡುತ್ತಿದ್ದರು. ಎಲ್ಲರ ತುಟಿಗಳೂ ಆಡುತ್ತಿದ್ದವು, ಏನೋ ಓದುವವರ ಹಾಗೆ. ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ಭಾವಮೈದುನ ನಿಂಬೆಗಿಡದ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ಕೂತ.

ನಾನು ತಿರುಗಿದೆ.

ರಾತ್ರಿಯೆಲ್ಲ ನೀರು ಬಿದ್ದು ಬಿಳಿ ಪುಡಿ ತೊಳೆದುಹೋಗಿತ್ತು. ಕೊಳದ ತಳದಲ್ಲಿ, ಈ ಗೋಡೆಯಿಂದ ಆ ಗೋಡೆಗೆ, ಸಾಲುಸಾಲಾಗಿ, ಗೇಣುದ್ದದ ಕಪ್ಪು ಅಕ್ಷರಗಳು. ನೀರಿನಲ್ಲಿ ಇನ್ನೂ ಉಬ್ಬಿಕೊಂಡು ಕಾಣುತ್ತಿದ್ದವು: ‘ಗ್ರಾಹಕರೇ ಕೊಟ್ಟ ಅಳತೆಗೆ ನಾವು ಜವಾಬ್ದಾರರಲ್ಲ. ಗ್ರಾಹಕರೇ ಕೊಟ್ಟ ಅಳತೆಗೆ ನಾವು ಜವಾಬ್ದಾರರಲ್ಲ. ಗ್ರಾಹಕರೇ ಕೊಟ್ಟ...’

"ಮಾಸ್ಟ್ರೇ, ಕೊಳ ಉಲ್ಟಾ ಹಾಕ್ಕೊಂಡಿದ್ದೀರಿ!" ಎಂದರು ಯಾರೋ.

ಅಂಗಿ ಉಲ್ಟಾ ಹಾಕಿಕೊಂಡು ಬೀದಿಗೆ ಬಂದ ಗಿರಾಕಿಗಳನ್ನು ನಾನು ನೋಡಿದ್ದೇನೆ, ನಕ್ಕಿದ್ದೇನೆ. ಕೊಳ ಉಲ್ಟಾ ಹಾಕಿಕೊಂಡ ದರ್ಜಿಯನ್ನು ನೋಡುವ ಭಾಗ್ಯ ಅವರ ಪಾಲಿಗೆ ಬಂತು. ನಗು ಬೀದಿಯ ತುದಿಯವರೆಗೆ ಹೋಗಿರಬೇಕು. ಬ್ಯಾಂಕ್ ಮೇಡಂ ಮಾತ್ರ ನಗಲಿಲ್ಲ. ನನ್ನ ಎದುರು ಬಂದು ನಿಂತರು. ಮೈಮೇಲೆ ಅದೇ ಕೋಟು, ಮೊಣಕೈಯ ಹತ್ತಿರ ನಿಂತ ಅದೇ ತೋಳು. ಒಂದೇ ಒಂದು ಮಾತಾಡದೆ, ಬೆರಳೆತ್ತಿ ಕೊಳದ ತಳ ತೋರಿಸಿದರು. ಗಿಡ್ಡ ತೋಳಿನಿಂದ ಹೊರಬಂದ ಆ ಉದ್ದ ಕೈಯನ್ನು ನಾನು ಸಾಯುವವರೆಗೆ ಮರೆಯಲಾರೆ.

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯದೆ ನಾನು ಕತ್ತರಿ ನೋಡುತ್ತ ನಿಂತಿದ್ದಾಗ ಹೆಂಡತಿ ಎದ್ದಳು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಪಟ್ಟಿ ಕತ್ತರಿಸಿದಳು. ಗೋಡೆ ಹಿಡಿದು ಒಂದು ಮೆಟ್ಟಿಲು ಇಳಿದಳು. ಇನ್ನೊಂದು. ತಳಕ್ಕೆ ಕಾಲಿಟ್ಟಾಗ ನೀರು ಅವಳ ಸೊಂಟಕ್ಕೆ ಸರಿಯಾಗಿ ನಿಂತಿತು, ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಗೋಡೆ ಬಿಟ್ಟಳು. ‘ಗ್ರಾಹಕರೇ’ ಮೇಲೆ ಒಂದು ಹೆಜ್ಜೆ, ‘ಅಳತೆಗೆ’ ಮೇಲೆ ಒಂದು ಹೆಜ್ಜೆ, ನಡೆದಳು. ಕುಂಟಲಿಲ್ಲ! ಆಚೆ ಗೋಡೆ ಮುಟ್ಟಿ ತಿರುಗಿದವಳ ಮುಖದಲ್ಲಿ ನೋವಿಲ್ಲದಿರುವುದನ್ನು ನಾನು ಎಷ್ಟೋ ದಿನಕ್ಕೆ ನೋಡಿದೆ. ನಗುತ್ತಿದ್ದವರೆಲ್ಲ ಸುಮ್ಮನಾದರು.

"ಅಳತೆ ಸರಿಯಾಗಿದೆ ರೀ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಆ ಒಂದು ಮಾತು ಸಾಕಾಗಿತ್ತು. ನಾನು ಮತ್ತೆ ಎದೆಯುಬ್ಬಿಸಿ ಭಾಷಣ ಮುಂದುವರಿಸಿದೆ. ಕೇಳಲು ಯಾರೂ ಉಳಿದಿರಲಿಲ್ಲ, ಅದು ಬೇರೆ ಮಾತು.

ಅಂದಿನಿಂದ ದಿನಾ ಬೆಳಗ್ಗೆ ಅವಳ ನಡಿಗೆ. ಬ್ಯಾಂಕ್ ಮೇಡಂ ಕೂಡ ಜೊತೆಗೆ ಬರತೊಡಗಿದರು. ಅವರಿಗೆ ಕಾಲು ನೋವೇನಿಲ್ಲ. ಓದಲು ಬರುತ್ತಾರೆಂದು ನನ್ನ ಅನುಮಾನ. ಅವರ ಕೋಟನ್ನು ನಾನೇ ಕೇಳಿ ಇಸಿದುಕೊಂಡು, ಬಿಚ್ಚಿ, ತೋಳಿಗೆ ಬಟ್ಟೆ ಕೊಟ್ಟು ಉದ್ದ ಮಾಡಿದೆ. ಈ ಸಲ ಮೈ ಅಳತೆ ತೆಗೆದುಕೊಂಡೆ. ತೆಗೆದುಕೊಂಡವಳು ನನ್ನ ಹೆಂಡತಿ.

ಊತ ಇಳಿಯಿತು. ಒಂದು ದಿನ ನಾನು ಪ್ಯಾಂಟಿನ ಬಟ್ಟೆಗೆ ಗೀರು ಎಳೆಯುತ್ತಿದ್ದಾಗ ಹಿಂದಿನಿಂದ ಟಕಟಕಟಕ ಸದ್ದು ಕೇಳಿತು. ತಿರುಗಿ ನೋಡಿದರೆ ಮೆಷಿನ್ ಮೇಲಿನ ದುಪ್ಪಟಿ ಕೆಳಗೆ ಬಿದ್ದಿತ್ತು, ಅವಳು ತುಳಿಯುತ್ತಿದ್ದಳು. ನಾನು ಗುಂಡುಸೂಜಿಗಳನ್ನು ಬಾಯಿಂದ ತೆಗೆದಿಟ್ಟು, ಇನ್ನು ತಡೆಯಲಾರದೆ, "ನೋಡಿದ್ಯಾ? ಸರಿಯಾದ ಕೊಳ ಆರಿಸೋಕೆ ನನ್ನ ಬಿಟ್ರೆ ಇಲ್ಲ!" ಎಂದೆ.

ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹೌದು ರೀ. ಇನ್ನು ಆ ಗೋಡೆ ಮೇಲಿನ ಬೋರ್ಡು ತೆಗೆದುಬಿಡಿ."

"ಯಾಕೆ? ಗಿರಾಕಿಗಳು ಓದೋದು ಬೇಡ್ವಾ?"

"ಓದಬೇಕು ಅಂದೋರನ್ನ ಹಿತ್ತಲಿಗೆ ಕಳಿಸಿ. ಅಲ್ಲಿ ಅಕ್ಷರ ದೊಡ್ಡದಿದೆ."